ಡ್ಯಾಮ್ಸೆಲ್ ಮೀನನ್ನು ರೀಫ್ ಟ್ಯಾಂಕಿಗೆ ಬಿಡುವ ಮುಂಚೆ, ಬಿಟ್ಟ ಮೇಲೆ

ರೀಫ್ ಟ್ಯಾಂಕ್, ಅಂದರೆ ಹವಳವನ್ನೂ ಸಾಕುವ ಉಪ್ಪುನೀರಿನ ಟ್ಯಾಂಕ್ ಇಟ್ಟವರು ಡ್ಯಾಮ್ಸೆಲ್ ಬಗ್ಗೆ ಪದೇ ಪದೇ ಕೇಳುವುದು ಇದನ್ನೇ: "ಅಂಗಡಿಯವರು ಇದು ಗಟ್ಟಿ ಮೀನು, ಮೊದಲು ಇದನ್ನೇ ಬಿಡಿ ಅಂದರು. ಬಿಟ್ಟೆ. ಈಗ ಬೇರೆ ಯಾವ ಮೀನನ್ನೂ ನೆಮ್ಮದಿಯಾಗಿ ಇರೋಕೆ ಬಿಡ್ತಿಲ್ಲ. ಹಿಡಿಯೋಕೆ ಹೋದರೆ ಕಲ್ಲಿನ ಸಂದಿಗೆ ನುಗ್ಗುತ್ತೆ. ಏನ್ ಮಾಡ್ಲಿ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮೀನು ಇನ್ನೂ ತಂದಿಲ್ಲದವರು ಮೊದಲಿನಿಂದ ಓದಿ. ತಂದು ಸಿಕ್ಕಿಹಾಕಿಕೊಂಡವರು ಸೀದಾ 8ನೇ ಹಂತಕ್ಕೆ ಹೋಗಿ.

ಮೀನಿನ ಬಗ್ಗೆ ಒಂದಿಷ್ಟು ಗೊತ್ತಿರಲಿ. ಡ್ಯಾಮ್ಸೆಲ್ ಅಂದರೆ ಪೊಮಾಸೆಂಟ್ರಿಡೇ ಕುಟುಂಬದ ಮೀನುಗಳು. ಎಲ್ಲರೂ ಇಷ್ಟಪಡುವ ಕ್ಲೌನ್‌ಫಿಶ್ ಕೂಡ ಇದೇ ಕುಟುಂಬದ್ದು. ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡಿದವರು ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ನೋಡಿರಬಹುದು, ಅದೂ ಡ್ಯಾಮ್ಸೆಲ್ಲೇ. ಹವಳದ ದಿಬ್ಬದಲ್ಲಿ ಇವು ಒಂದಿಷ್ಟು ಜಾಗ ತನ್ನದು ಅಂತ ಹಿಡಿದುಕೊಂಡಿರುತ್ತವೆ. ರಾತ್ರಿ ಮಲಗಲು ಒಂದು ಸಂದು, ಮೊಟ್ಟೆ ಅಂಟಿಸಲು ಒಂದು ಕಲ್ಲು, ಸುತ್ತ ತಿನ್ನಲು ಸಿಗುವಷ್ಟು ಜಾಗ. ಅದರೊಳಗೆ ಯಾರೇ ಬಂದರೂ ಅಟ್ಟುತ್ತವೆ. ತಮಗಿಂತ ಎಷ್ಟೋ ದೊಡ್ಡ ಮೀನನ್ನೂ ಬಿಡುವುದಿಲ್ಲ, ಡೈವ್ ಮಾಡುವವರ ಕೈಯನ್ನೂ ಬಿಡುವುದಿಲ್ಲ. ಸಮುದ್ರದಲ್ಲಾದರೆ ಅಟ್ಟಿಸಿಕೊಂಡ ಮೀನು ಎರಡು ಮೀಟರ್ ಆಚೆ ಹೋದರೆ ಕಥೆ ಮುಗಿಯಿತು. ನಿಮ್ಮ ಮೂರಡಿ ಟ್ಯಾಂಕಿನಲ್ಲಿ ಆ ಎರಡು ಮೀಟರ್ ಎಲ್ಲಿದೆ? ಜಗಳದ ಬೇರು ಇಲ್ಲೇ ಇರೋದು. ಮೀನಿನ ಗುಣ ತಿದ್ದೋಕೆ ಆಗಲ್ಲ. ಜಾಗ ಎಷ್ಟು, ಯಾರು ಮೊದಲು ಬರಬೇಕು ಅನ್ನೋದು ಮಾತ್ರ ನಿಮ್ಮ ಕೈಯಲ್ಲಿದೆ.

ಹಂತ 1: ಜಾತಿ ನೋಡಿ ಆರಿಸಿ

ಅಂಗಡಿಯಲ್ಲಿ ಎಲ್ಲವನ್ನೂ "ಡ್ಯಾಮ್ಸೆಲ್" ಅಂತ ಒಂದೇ ರೇಟಿಗೆ ಕೊಡುತ್ತಾರೆ. ಆದರೆ ಜಾತಿಯಿಂದ ಜಾತಿಗೆ ಅಜಗಜಾಂತರ.

ಮೊದಲ ಸಲದವರಿಗೆ ನಾನು ಹೇಳುವುದು ಯೆಲ್ಲೋಟೇಲ್. ವೈಜ್ಞಾನಿಕ ಹೆಸರು ಕ್ರೈಸಿಪ್ಟೆರಾ ಪ್ಯಾರಾಸೆಮಾ. ಮೈ ಕಡುನೀಲಿ, ಬಾಲ ಹಳದಿ, ಬೆಳೆದರೆ ಸುಮಾರು 7 ಸೆಂ.ಮೀ. ಜಗಳ ಆಡುತ್ತದೆ, ಆದರೆ ತನ್ನ ಸಂದಿಯ ಸುತ್ತ ಅಷ್ಟೇ. ಹೊಟ್ಟೆಯ ಕಡೆ ಹಳದಿ ಇರುವ ಅಜೂರ್ ಡ್ಯಾಮ್ಸೆಲ್ ಮತ್ತು ಟಾಲ್ಬಾಟ್ ಡ್ಯಾಮ್ಸೆಲ್ ಕೂಡ ಹೀಗೇ, ಸ್ವಲ್ಪ ಸೌಮ್ಯ.

ಬ್ಲೂ ಡೆವಿಲ್, ಅಂದರೆ ಕ್ರೈಸಿಪ್ಟೆರಾ ಸಯನಿಯಾ, ನೋಡಲು ಇನ್ನೂ ಚಂದ, ಜಗಳದಲ್ಲಿ ಇನ್ನೂ ಜೋರು. ಬೆನ್ನಿನ ರೆಕ್ಕೆಯ ಹಿಂಭಾಗದ ಬುಡದಲ್ಲಿ ಕಪ್ಪು ಚುಕ್ಕೆ ಇದ್ದರೆ ಸಾಮಾನ್ಯವಾಗಿ ಹೆಣ್ಣು. ಇದನ್ನು ತಂದ ಮೊದಲ ದಿನ ತುಂಬ ಜನ ಗಾಬರಿಯಾಗುತ್ತಾರೆ. ಹೆದರಿದರೆ ಈ ಮೀನು ನೋಡ್ತಾ ನೋಡ್ತಾ ನೀಲಿ ಬಿಟ್ಟು ಹೆಚ್ಚುಕಮ್ಮಿ ಕಪ್ಪಾಗಿಬಿಡುತ್ತದೆ. ಕಾಯಿಲೆ ಅಲ್ಲ. ಇದರ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ಚರ್ಮದ ಜೀವಕೋಶಗಳೊಳಗಿನ ಸಣ್ಣ ಹರಳುಗಳು ಬೆಳಕನ್ನು ತಿರುಗಿಸುವುದರಿಂದ ಕಾಣುವಂಥದ್ದು. ಆ ಹರಳುಗಳ ಜೋಡಣೆ ಬದಲಾದರೆ ಬಣ್ಣವೂ ಬದಲಾಗುತ್ತದೆ. ಸಮಾಧಾನವಾದ ಮೇಲೆ ತಾನಾಗೇ ನೀಲಿ ವಾಪಸ್ ಬರುತ್ತದೆ. ದಿನಗಟ್ಟಲೆ ಕಪ್ಪಗೇ ಇದ್ದರೆ ಮಾತ್ರ ಯಾರೋ ಅದನ್ನು ಕಾಡುತ್ತಿದ್ದಾರೆ ಅಂತ ಅರ್ಥ.

ಈಗ ದೂರ ಇಡಬೇಕಾದವು. ಕಪ್ಪು ಮೈ ಮೇಲೆ ಮೂರು ಬಿಳಿ ಚುಕ್ಕೆಯ ಡೊಮಿನೋ ಮರಿಯಾಗಿದ್ದಾಗ ಉಗುರಿನಷ್ಟೇ ಇರುತ್ತದೆ, ಯಾರಿಗಾದರೂ ತಗೊಳ್ಳಬೇಕು ಅನ್ನಿಸುತ್ತದೆ. ಬೆಳೆದು ಹತ್ತು ಸೆಂ.ಮೀ. ದಾಟುತ್ತದೆ, ಚುಕ್ಕೆ ಮಸುಕಾಗುತ್ತದೆ, ಇಡೀ ಟ್ಯಾಂಕ್ ತನ್ನದು ಅನ್ನುತ್ತದೆ. ಕಪ್ಪುಬಿಳಿ ಪಟ್ಟೆಯ ಹಂಬಗ್ ಕೂಡ ಅದೇ ಜಾತಿಗುಂಪಿನದು, ಗಾತ್ರ ಸ್ವಲ್ಪ ಕಮ್ಮಿ, ಕೋಪ ಅಷ್ಟೇ. ಇನ್ನೊಂದು ಮೋಸ ಮಾಡುವ ಮೀನು ನಿಯೋಗ್ಲಿಫಿಡೋಡಾನ್ ಮೆಲಾಸ್. ಮರಿ ಬಿಳಿ, ಬೆನ್ನು ಹಳದಿ, ಅಂಚಿಗೆ ನೀಲಿ. ದೊಡ್ಡದಾದರೆ ಪೂರ್ತಿ ಕಪ್ಪು, ಮೇಲಾಗಿ ಮೃದು ಹವಳಗಳನ್ನು ತಿನ್ನುತ್ತದೆ. ರೀಫ್ ಟ್ಯಾಂಕಿಗೆ ಬೇಡವೇ ಬೇಡ.

"ಎರಡು ತಂದರೆ ಜೋಡಿಯಾಗಿ ಇರುತ್ತವೆ ಅಲ್ವಾ?" ಸಣ್ಣ ಟ್ಯಾಂಕಿನಲ್ಲಿ ಇರಲ್ಲ. ಎರಡು ತಂದರೆ ಬಲವಾದದ್ದು ಇನ್ನೊಂದನ್ನು ಕೊಲ್ಲುವ ಸಾಧ್ಯತೆಯೇ ಜಾಸ್ತಿ. ಒಂದೇ ಒಂದು ತನ್ನಿ.

ನಮ್ಮಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಲವು ಜಾತಿಯ ಡ್ಯಾಮ್ಸೆಲ್‌ಗಳನ್ನು ಮೊಟ್ಟೆಯಿಂದಲೇ ಬೆಳೆಸಿ ತೋರಿಸಿದ್ದಾರೆ. ಹಾಗೆ ತೊಟ್ಟಿಯಲ್ಲೇ ಹುಟ್ಟಿದ ಮೀನು ಸಿಕ್ಕರೆ ಅದನ್ನೇ ಆರಿಸಿ. ಪೆಲೆಟ್, ಅಂದರೆ ಕಾಳಿನಂಥ ಒಣ ಆಹಾರ ತಿನ್ನುವ ಅಭ್ಯಾಸ ಮೊದಲೇ ಇರುತ್ತದೆ.

ಹಂತ 2: ಟ್ಯಾಂಕ್ ಮತ್ತು ನೀರು

ಒಂದು ಯೆಲ್ಲೋಟೇಲ್ ಮತ್ತು ಬೇರೆ ಮೂರು ನಾಲ್ಕು ಮೀನು ಅಂದರೆ ಕಡಿಮೆ ಅಂದರೂ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಬೇಕು. ಅಂದಾಜು 190 ಲೀಟರ್. 4 ಅಡಿ ಮಾಡಿಸಲು ಜಾಗ ಇದ್ದರೆ ಮಾಡಿಸಿ. ಇಲ್ಲಿ ಎತ್ತರಕ್ಕಿಂತ ಉದ್ದ ಮುಖ್ಯ, ಓಡಿಹೋಗುವ ಮೀನು ಅಡ್ಡಕ್ಕೆ ಓಡುತ್ತದೆ. ಬ್ಲೂ ಡೆವಿಲ್ ಆದರೆ 4 ಅಡಿಗಿಂತ ಕಮ್ಮಿ ಬೇಡ.

ನೀರಿನ ಲೆಕ್ಕ ಹೀಗಿರಲಿ: ಸಾಂದ್ರತೆ 1.025ರಿಂದ 1.026, ತಾಪಮಾನ 25ರಿಂದ 26 ಡಿಗ್ರಿ, ಪಿಎಚ್ 8.1ರಿಂದ 8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ. ಸಾಂದ್ರತೆ ಅಂದರೆ ನೀರಿನಲ್ಲಿ ಉಪ್ಪು ಎಷ್ಟಿದೆ ಅನ್ನುವ ಅಳತೆ. ಇದನ್ನು ನೋಡಲು ರಿಫ್ರ್ಯಾಕ್ಟೋಮೀಟರ್ ಅನ್ನುವ ಸಣ್ಣ ದುರ್ಬೀನಿನಂಥ ಸಾಧನ ಬರುತ್ತದೆ. ಪ್ಲಾಸ್ಟಿಕ್ ಮುಳ್ಳಿನ ಅಗ್ಗದ ಅಳತೆಗೋಲು ನಂಬಬೇಡಿ.

ಬೋರ್‌ವೆಲ್ ನೀರಿಗೆ ಉಪ್ಪು ಕಲಸಿ ಹಾಕಬೇಡಿ. ಅಡುಗೆಮನೆಯ ಪ್ಯೂರಿಫೈಯರ್ ನೀರೂ ಸಾಲದು. ಕುಡಿಯಲು ರುಚಿ ಇರಲಿ ಅಂತ ಎಷ್ಟೋ ಪ್ಯೂರಿಫೈಯರ್‌ಗಳು ಖನಿಜ ವಾಪಸ್ ಸೇರಿಸುತ್ತವೆ. ಬೇಕಾದ್ದು ಆರ್‌ಒ ಡಿಐ ನೀರು, ಅಂದರೆ ಆರ್‌ಒ ಆದ ಮೇಲೆ ಇನ್ನೊಂದು ರಾಳದ ಫಿಲ್ಟರ್ ದಾಟಿ ಬಂದ ನೀರು. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಹಾಕಿದರೆ ಸೊನ್ನೆ ತೋರಿಸಬೇಕು.

ಕರಾವಳಿಯವರು ಕೇಳುತ್ತಾರೆ, ಸಮುದ್ರ ಇಲ್ಲೇ ಇದೆಯಲ್ಲ, ನೀರು ತುಂಬಿಕೊಂಡು ಬಂದರಾಯಿತಲ್ಲ ಅಂತ. ದಡದ ನೀರು ಬೇಡ. ಮಂಗಳೂರಿನಂಥ ಕಡೆ ನದಿ ಬಂದು ಸೇರುವಲ್ಲಿ ಮಳೆಗಾಲದಲ್ಲಿ ಉಪ್ಪಿನ ಅಂಶ ಸಿಕ್ಕಾಪಟ್ಟೆ ಇಳಿಯುತ್ತದೆ, ಜೊತೆಗೆ ದೋಣಿಗಳ ಎಣ್ಣೆ, ಚರಂಡಿ ನೀರು, ರೋಗಾಣು ಎಲ್ಲವೂ ಬರುತ್ತದೆ. ಮರೀನ್ ಸಾಲ್ಟ್ ಪ್ಯಾಕೆಟ್ ತಂದು ಲೀಟರಿಗೆ 35ರಿಂದ 38 ಗ್ರಾಂ ಲೆಕ್ಕದಲ್ಲಿ ಕಲಸಿ, ಒಂದು ದಿನ ಪಂಪ್ ಓಡಿಸಿ, ಅಳೆದು ಹಾಕಿ. ಅಡುಗೆ ಉಪ್ಪು ಯಾವ ಕಾರಣಕ್ಕೂ ಬೇಡ.

ಬಿಸಿಲುಗಾಲದ್ದು ಇನ್ನೊಂದು ತಲೆನೋವು. ಬೆಂಗಳೂರಿನಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಟ್ಟರೆ ಎರಡು ಡಿಗ್ರಿ ಇಳಿಯುತ್ತದೆ, ಯಾಕೆಂದರೆ ನೀರು ಆವಿಯಾಗುತ್ತಾ ಶಾಖವನ್ನು ಹೊತ್ತೊಯ್ಯುತ್ತದೆ. ಕರಾವಳಿಯ ಸೆಕೆಗೆ ಈ ಉಪಾಯ ಅಷ್ಟಾಗಿ ನಡೆಯಲ್ಲ, ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಅಲ್ಲಿ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ ಇಲ್ಲದೆ ಹವಳ ಉಳಿಸುವುದು ಕಷ್ಟ. ಆವಿಯಾದಷ್ಟು ನೀರು ತುಂಬುವಾಗ ಉಪ್ಪಿಲ್ಲದ ನೀರನ್ನೇ ಹಾಕಬೇಕು, ಉಪ್ಪು ಆವಿಯಾಗಿ ಹೋಗಿರುವುದಿಲ್ಲ ಅಲ್ವಾ? ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್‌ಪಂಪ್ ಒಂದು ಮನೆಯಲ್ಲಿ ಇರಲಿ.

ಹಂತ 3: ಕಲ್ಲು ಜೋಡಿಸುವಾಗಲೇ ಜಗಳದ ಲೆಕ್ಕ ಹಾಕಿ

ಈ ಹಂತದಲ್ಲಿ ತಲೆ ಓಡಿಸಿದರೆ ಮುಂದಿನ ಅರ್ಧ ರಗಳೆ ತಪ್ಪುತ್ತದೆ. ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ ಅಂದರೆ ಹಿಂದಿನ ಗಾಜಿಗೆ ಒರಗಿಸಿ ಈ ತುದಿಯಿಂದ ಆ ತುದಿಗೆ ಒಂದೇ ಗೋಡೆ ಕಟ್ಟುತ್ತಾರೆ. ನೋಡಲು ಚೆನ್ನಾಗಿರುತ್ತದೆ. ಆದರೆ ಡ್ಯಾಮ್ಸೆಲ್‌ಗೆ ಅದು ಒಂದೇ ಮನೆ, ಎಲ್ಲವೂ ತನ್ನದೇ.

ಗೋಡೆ ಬೇಡ, ಎರಡು ಮೂರು ಬಿಡಿ ಗುಡ್ಡೆ ಮಾಡಿ. ನಡುವೆ ಬರೀ ಮರಳಿನ ಜಾಗ ಬಿಡಿ. ಒಂದು ಗುಡ್ಡೆಯಿಂದ ನೋಡಿದರೆ ಇನ್ನೊಂದರ ಹಿಂಭಾಗ ಕಾಣಬಾರದು. ಕಣ್ಣಿಗೆ ಬೀಳದ ಮೀನನ್ನು ಡ್ಯಾಮ್ಸೆಲ್ ಹುಡುಕಿಕೊಂಡು ಹೋಗಿ ಹೊಡೆಯುವುದು ಕಮ್ಮಿ. ಒಂದೊಂದು ಗುಡ್ಡೆಯಲ್ಲೂ ಎರಡು ಬಾಯಿ ಇರುವ ಸಂದುಗಳಿರಲಿ. ಒಂದೇ ಬಾಯಿಯ ಸಂದಿಯಲ್ಲಿ ಅವಿತ ಮೀನು ಒಳಗೇ ಸಿಕ್ಕಿಬೀಳುತ್ತದೆ.

ಕಲ್ಲುಗಳಿಗೆಲ್ಲ ಸಿಮೆಂಟ್ ಹಾಕಿ ಗಟ್ಟಿ ಮಾಡಬೇಡಿ. ಅಡಿಪಾಯ ಭದ್ರವಾಗಿರಲಿ, ಮೇಲಿನ ಎರಡು ಮೂರು ಕಲ್ಲು ಎತ್ತಿಡಲು ಬರುವಂತಿರಲಿ. ಅವುಗಳ ಮೇಲೆ ಹವಳ ಅಂಟಿಸಬೇಡಿ. ಇದರ ಉಪಯೋಗ 7ನೇ ಹಂತದಲ್ಲಿ ಗೊತ್ತಾಗುತ್ತದೆ.

ಕಲ್ಲು ಎಲ್ಲಿಂದ? ಅಂಗಡಿಯಲ್ಲಿ ಸಿಗುವ ಒಣ ಕಲ್ಲು, ಇಲ್ಲವೇ ಸೆರಾಮಿಕ್ ಕಲ್ಲು. ಸಮುದ್ರದಿಂದ ಹವಳದ ತುಂಡು ಹೆಕ್ಕಿ ತರಬೇಡಿ, ಯಾರಾದರೂ ತಂದು ಕೊಟ್ಟರೂ ತಗೊಳ್ಳಬೇಡಿ. ಗಟ್ಟಿ ಹವಳ, ಕರಿ ಹವಳ, ಬೆಂಕಿ ಹವಳ, ಸೀ ಫ್ಯಾನ್ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪಟ್ಟಿಯಲ್ಲಿವೆ. ಬಿಲ್ಲು, ಕಾಗದಪತ್ರ ತೋರಿಸದ ಕಡೆ ಹವಳ ಕೊಳ್ಳುವುದೇ ಬೇಡ.

ಹಂತ 4: ಮೀನಿಲ್ಲದೆ ಸೈಕಲ್ ಮಾಡಿ

ಸೈಕಲ್ ಅಂದರೆ ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲು ಮರಳಿನಲ್ಲಿ ಬೆಳೆಯುವವರೆಗೆ ಕಾಯುವುದು. ಹೊಸ ಒಣ ಕಲ್ಲಿನಲ್ಲಿ 4ರಿಂದ 6 ವಾರ ಹಿಡಿಯುತ್ತದೆ.

ಹಳೇ ಪದ್ಧತಿ ಏನೆಂದರೆ ಈ ಕೆಲಸಕ್ಕೆ ಡ್ಯಾಮ್ಸೆಲ್ ಬಿಡುವುದು. ಅಗ್ಗ, ವಿಷ ತಡೆದುಕೊಳ್ಳುತ್ತದೆ ಅನ್ನೋ ಲೆಕ್ಕ. ಇವತ್ತಿಗೂ ಅಂಗಡಿಗಳಲ್ಲಿ ಇದನ್ನೇ ಹೇಳುತ್ತಾರೆ, ನನಗೆ ಇದು ಸಿಟ್ಟು ಬರಿಸುವ ವಿಷಯ. ಅಮೋನಿಯಾ ಮೀನಿನ ಕಿವಿರು ಸುಡುತ್ತದೆ, ಅದು ಒಂದು. ಸತ್ತರೆ ಸತ್ತಿತು ಅಂತ ಬಿಟ್ಟ ಮೀನು ಸಾಯುವುದಿಲ್ಲ, ಒಂದೂವರೆ ತಿಂಗಳು ಖಾಲಿ ಟ್ಯಾಂಕಿನಲ್ಲಿ ಒಂದೇ ಇದ್ದು ಮೂಲೆಮೂಲೆಯನ್ನೂ ತನ್ನದಾಗಿಸಿಕೊಳ್ಳುತ್ತದೆ, ಅದು ಎರಡು. ಮೇಲೆ ಹೇಳಿದ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಸಿಕ್ಕಿಬಿದ್ದಿರುವುದು ಇಲ್ಲೇ.

ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ತನ್ನಿ. ಬಾಟಲಿಯ ಬ್ಯಾಕ್ಟೀರಿಯಾ ಹಾಕಿದರೆ ಬೇಗ ಆಗುತ್ತದೆ. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಸೊನ್ನೆ ಬಂದರೆ ಸೈಕಲ್ ಮುಗಿಯಿತು. ಅರ್ಧದಷ್ಟು ನೀರು ಬದಲಾಯಿಸಿ.

ಹಂತ 5: ಸರದಿ ತಪ್ಪಿಸಬೇಡಿ

ಡ್ಯಾಮ್ಸೆಲ್ ಕೊನೆಗೆ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಸ್ಸಿನಲ್ಲಿ ಮೊದಲು ಹತ್ತಿ ಕಿಟಕಿ ಪಕ್ಕ ಕೂತವರು ಜಾಗ ಬಿಡುತ್ತಾರಾ? ಹಾಗೇ ಇದೂ. ಕೊನೆಗೆ ಬಂದ ಡ್ಯಾಮ್ಸೆಲ್ ಉಳಿದ ಜಾಗದಲ್ಲಿ ಹೊಂದಿಕೊಳ್ಳುತ್ತದೆ. ಮೊದಲು ಸಂಕೋಚದ ಸಣ್ಣ ಮೀನು, ಆಮೇಲೆ ಕ್ಲೌನ್, ಅದಕ್ಕಿಂತ ಗಟ್ಟಿಯವು ಆಮೇಲೆ, ಎಲ್ಲರೂ ಒಂದು ತಿಂಗಳಾದರೂ ಊಟ ಮಾಡಿ ನೆಲೆನಿಂತ ಮೇಲೆ ಡ್ಯಾಮ್ಸೆಲ್.

ಜೊತೆಗೆ ಯಾರು ಸರಿ? ಕ್ಲೌನ್‌ಫಿಶ್, ಹ್ಯಾಲಿಕೋರಸ್ ಜಾತಿಯ ರಾಸ್, 4 ಅಡಿ ಟ್ಯಾಂಕಾದರೆ ಕುಬ್ಜ ಏಂಜೆಲ್, ಇನ್ನೂ ದೊಡ್ಡದಾದರೆ ಫಾಕ್ಸ್‌ಫೇಸ್. ಆಕಾರ, ಬಣ್ಣ ಎರಡೂ ಡ್ಯಾಮ್ಸೆಲ್‌ಗಿಂತ ಬೇರೆ ಇದ್ದಷ್ಟೂ ಒಳ್ಳೆಯದು. ತನ್ನಂತೆ ಕಾಣುವ ಇನ್ನೊಂದು ನೀಲಿ ಸಣ್ಣ ಮೀನನ್ನು ಅದು ಸಹಿಸುವುದಿಲ್ಲ. ಯಾರು ಬೇಡ? ಫೈರ್‌ಫಿಶ್, ಜಾಫಿಶ್, ನಿಧಾನವಾಗಿ ತಿನ್ನುವ ಕಾರ್ಡಿನಲ್. ಕಡಲ್ಗುದುರೆ ಅಂತೂ ಸಾಕುವ ಮೀನೇ ಅಲ್ಲ, ಅದೂ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಹವಳ, ಸಿಗಡಿ, ಬಸವನಹುಳುಗಳಿಗೆ ಯೆಲ್ಲೋಟೇಲ್‌ನಿಂದ ತೊಂದರೆ ಇಲ್ಲ.

ಹಂತ 6: ಕೊಳ್ಳುವುದು, ಬೇರೆ ಇಡುವುದು, ಬಿಡುವುದು

ಅಂಗಡಿಯಲ್ಲಿ ನಿಮ್ಮೆದುರೇ ಊಟ ಹಾಕಿಸಿ. ತಿನ್ನದ ಮೀನು ಬೇಡ. ರೆಕ್ಕೆ ಹರಿದಿದೆಯಾ, ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಇದೆಯಾ, ಕಿವಿರು ಬಡಬಡ ಹೊಡೆದುಕೊಳ್ಳುತ್ತಿದೆಯಾ ನೋಡಿ. ಹತ್ತಾರು ಡ್ಯಾಮ್ಸೆಲ್ ಒಂದೇ ತೊಟ್ಟಿಯಲ್ಲಿದ್ದರೆ ಎಲ್ಲರನ್ನೂ ಅಟ್ಟಾಡಿಸುವ ಒಂದು ಇರುತ್ತದೆ. ಬಣ್ಣ ಅದರದ್ದೇ ಚೆನ್ನಾಗಿ ಕಾಣುತ್ತದೆ. ಅದನ್ನು ಬಿಟ್ಟು, ತಿನ್ನುವುದರಲ್ಲಿ ಚುರುಕಾದ ಸಣ್ಣ ಮೀನು ಆರಿಸಿ.

ಸೀದಾ ರೀಫ್ ಟ್ಯಾಂಕಿಗೆ ಹಾಕಬೇಡಿ. ನಾಲ್ಕು ವಾರ ಕ್ವಾರಂಟೈನ್, ಅಂದರೆ ಬೇರೆ ಸಣ್ಣ ಟ್ಯಾಂಕಿನಲ್ಲಿ. ಪಿವಿಸಿ ಪೈಪಿನ ತುಂಡು ಅವಿತುಕೊಳ್ಳಲು ಸಾಕು. ಆ ಬಿಳಿ ಚುಕ್ಕೆ ರೋಗದ ಹೆಸರು ಕ್ರಿಪ್ಟೋಕ್ಯಾರಿಯಾನ್, ಮೀನು ಸಾಕುವವರು ಮರೀನ್ ಇಕ್ ಅನ್ನುತ್ತಾರೆ. ಇದಕ್ಕೆ ತಾಮ್ರದ ಔಷಧ ಕೆಲಸ ಮಾಡುತ್ತದೆ. ಬಾಟಲಿ ಮೇಲಿನ ಪ್ರಮಾಣದಂತೆ, ತಾಮ್ರದ ಟೆಸ್ಟ್ ಕಿಟ್‌ನಲ್ಲಿ ಅಳೆದುಕೊಂಡೇ ಹಾಕಿ. ತಾಮ್ರ ರೀಫ್ ಟ್ಯಾಂಕಿಗೆ ಒಂದು ಹನಿಯೂ ಬೀಳಬಾರದು. ಹವಳ, ಸಿಗಡಿ ಎರಡೂ ಸಾಯುತ್ತವೆ. ಒಮ್ಮೆ ಇಕ್ ರೀಫ್ ಟ್ಯಾಂಕಿಗೆ ಹೊಕ್ಕರೆ ಎಲ್ಲ ಮೀನನ್ನೂ ಹೊರಗೆ ತೆಗೆದು ಸುಮಾರು 76 ದಿನ ಟ್ಯಾಂಕನ್ನು ಮೀನಿಲ್ಲದೆ ಇಡುವುದು ರೂಢಿ. ಅದಕ್ಕಿಂತ ನಾಲ್ಕು ವಾರ ವಾಸಿ.

ಅಂಗಡಿಗಳಲ್ಲಿ ಉಪ್ಪು ಕಡಿಮೆ ಇಟ್ಟಿರುತ್ತಾರೆ, 1.018 ಅಥವಾ 1.020. ಕೇಳಿಕೊಂಡು ಬಂದು ಕ್ವಾರಂಟೈನ್ ನೀರನ್ನು ಅಷ್ಟಕ್ಕೇ ಹೊಂದಿಸಿ, ಆಮೇಲೆ ದಿನಕ್ಕೆ 0.001ರಂತೆ ಏರಿಸಿ.

ರೀಫ್ ಟ್ಯಾಂಕಿಗೆ ಬಿಡುವ ದಿನ ಅಕ್ಲಿಮೇಶನ್ ಬಾಕ್ಸ್ ಬಳಸಿ. ತೂತುಗಳಿರುವ ಪಾರದರ್ಶಕ ಅಕ್ರಿಲಿಕ್ ಡಬ್ಬ, ಗಾಜಿಗೆ ಅಂಟಿಸಿ ನೇತುಹಾಕುವಂಥದ್ದು. ಮೂರು ನಾಲ್ಕು ದಿನ ಮೀನು ಅದರೊಳಗೇ ಇರಲಿ. ಬಿಡುವಾಗ ದೀಪ ಆರಿಸಿ.

ಹಂತ 7: ದಿನದ ಊಟ, ಹೊಸ ಮೀನಿನ ಸೇರ್ಪಡೆ

ಹಸಿದ ಡ್ಯಾಮ್ಸೆಲ್ ಕೋಪದ ಡ್ಯಾಮ್ಸೆಲ್. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ. ಸಣ್ಣ ಪೆಲೆಟ್, ಫ್ರೋಜನ್ ಮೈಸಿಸ್ ಅಂದರೆ ಕಿರುಸಿಗಡಿ, ಸ್ಪಿರುಲಿನಾ ಇರುವ ಫ್ಲೇಕ್. ಟ್ಯಾಂಕಿನ ಎರಡು ಕಡೆ ಹಾಕಿ. ಡ್ಯಾಮ್ಸೆಲ್ ಒಂದು ಕಡೆ ತಿನ್ನುವಷ್ಟರಲ್ಲಿ ಉಳಿದವರು ಇನ್ನೊಂದು ಕಡೆ ತಿನ್ನಲಿ.

ಮುಂದೆ ಹೊಸ ಮೀನು ತರಬೇಕಾದರೆ ಹೀಗೆ ಮಾಡಿ. ಅದನ್ನು ಡಬ್ಬದಲ್ಲಿಟ್ಟು ಡ್ಯಾಮ್ಸೆಲ್ ಏನು ಮಾಡುತ್ತದೆ ನೋಡಿ. ರೆಕ್ಕೆ ಅಗಲಿಸಿ ಡಬ್ಬಕ್ಕೆ ಡಿಕ್ಕಿ ಹೊಡೆಯುತ್ತದೆ, ಪಕ್ಕಕ್ಕೆ ತಿರುಗಿ ಮೈ ತೋರಿಸುತ್ತದೆ, ಕೆಲವು ಜಾತಿಗಳು ಟಕ್ ಟಕ್ ಅಂತ ಸದ್ದು ಕೂಡ ಮಾಡುತ್ತವೆ. ಎರಡು ಮೂರು ದಿನದಲ್ಲಿ ಡಬ್ಬದ ಹತ್ತಿರ ಬರುವುದು ನಿಂತರೆ ಬಿಡಬಹುದು. ವಾರವಾದರೂ ನಿಲ್ಲಲಿಲ್ಲ ಅಂದರೆ ಬಿಡಬೇಡಿ.

ಬಿಡುವ ದಿನ ಮೊದಲು ಆ ಎತ್ತಿಡಬಹುದಾದ ಕಲ್ಲುಗಳ ಜಾಗ ಬದಲಿಸಿ. ತನ್ನ ಸಂದು ಎಲ್ಲಿ ಹೋಯಿತು ಅಂತ ಡ್ಯಾಮ್ಸೆಲ್‌ಗೇ ಗೊತ್ತಾಗಬಾರದು. ಟ್ಯಾಂಕಿನ ಹೊರಗಿನಿಂದ ಒಂದು ಕನ್ನಡಿ ಒರಗಿಸುವುದೂ ಒಂದು ಉಪಾಯ. ಡ್ಯಾಮ್ಸೆಲ್ ತನ್ನ ಪ್ರತಿಬಿಂಬದ ಜೊತೆ ಜಗಳಕ್ಕೆ ನಿಲ್ಲುತ್ತದೆ, ಹೊಸಬರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಒಂದೆರಡು ದಿನಕ್ಕಿಂತ ಜಾಸ್ತಿ ಇಡಬೇಡಿ.

ಒಂದು ವಿಷಯ ಗಮನಿಸಿ. ಹೆಣ್ಣು ಗಂಡು ಎರಡೂ ಇರುವ ಟ್ಯಾಂಕಿನಲ್ಲಿ ಡ್ಯಾಮ್ಸೆಲ್ ಇದ್ದಕ್ಕಿದ್ದಂತೆ ನಿಮ್ಮ ಕೈಗೇ ಬಂದು ಕುಟುಕಲು ಶುರು ಮಾಡಿದರೆ ಕಲ್ಲಿನ ಮೇಲೆ ಮೊಟ್ಟೆ ಇದೆಯಾ ಹುಡುಕಿ. ಡ್ಯಾಮ್ಸೆಲ್‌ನಲ್ಲಿ ಕಾವಲು ಕಾಯುವುದು ಗಂಡು, ರೆಕ್ಕೆಯಿಂದ ನೀರು ಬೀಸುತ್ತಾ ಇರುತ್ತದೆ. ಮೊಟ್ಟೆ ಒಡೆದು ಮರಿ ಬರಲು ನಾಲ್ಕಾರು ದಿನ. ಅಲ್ಲಿಯವರೆಗೆ ಆ ಮೂಲೆ ಕ್ಲೀನ್ ಮಾಡದೆ ಸುಮ್ನೆ ಬಿಟ್ಟುಬಿಡಿ.

ಹಂತ 8: ಆಗಲೇ ಜಗಳ ಶುರುವಾಗಿದ್ದರೆ

ಅಟ್ಟುವುದೆಲ್ಲ ಅಪಾಯ ಅಲ್ಲ. ಎರಡು ಸೆಕೆಂಡ್ ಅಟ್ಟಿ ವಾಪಸ್ ಬಂದರೆ ಅದು ಮಾಮೂಲಿ. ಒಂದು ಮೀನು ಹೀಟರ್ ಹಿಂದೆ ಅಥವಾ ಮೇಲಿನ ಮೂಲೆಯಲ್ಲಿ ನೀರಿನ ಮಟ್ಟಕ್ಕೆ ಅಂಟಿಕೊಂಡೇ ನಿಂತಿದ್ದರೆ, ಊಟಕ್ಕೂ ಬರದಿದ್ದರೆ, ಬಾಲದ ಅಂಚು ಹರಿದು ಬೆಳ್ಳಗಾಗಿದ್ದರೆ ಅವತ್ತೇ ಕೈ ಹಾಕಬೇಕು. ಟ್ಯಾಂಕಿಗೆ ಬಲೆಯ ಮುಚ್ಚಳ ಹಾಕಿ, ಅಟ್ಟಿಸಿಕೊಂಡ ಮೀನು ಹೊರಗೆ ಹಾರುತ್ತದೆ.

ಮೊದಲ ಉಪಾಯ: ಏಟು ತಿಂದ ಮೀನನ್ನು ತೆಗೆಯುವ ಬದಲು ಡ್ಯಾಮ್ಸೆಲ್ಲನ್ನೇ ಹಿಡಿದು ಎರಡು ವಾರ ಅಕ್ಲಿಮೇಶನ್ ಡಬ್ಬದಲ್ಲೋ (6ನೇ ಹಂತ ನೋಡಿ) ಸಂಪಿನಲ್ಲೋ ಇಡಿ. ಸಂಪ್ ಅಂದರೆ ಕೆಳಗಿನ ಫಿಲ್ಟರ್ ತೊಟ್ಟಿ. ಅಷ್ಟರಲ್ಲಿ ಉಳಿದವರು ಜಾಗ ಹಂಚಿಕೊಂಡಿರುತ್ತಾರೆ, ವಾಪಸ್ ಬಂದಾಗ ಇದೇ ಹೊಸಬ.

ಹಿಡಿಯುವುದು ಹೇಗೆ? ಬಲೆ ಹಿಡಿದು ಓಡಾಡಿಸಬೇಡಿ, ಗೆಲ್ಲುವುದು ಅದೇ. ಅಕ್ರಿಲಿಕ್ ಫಿಶ್ ಟ್ರ್ಯಾಪ್ ತನ್ನಿ ಅಥವಾ ದಾರ ಎಳೆದರೆ ಬಾಗಿಲು ಬೀಳುವ ಡಬ್ಬ ಮಾಡಿಕೊಳ್ಳಿ. ಡ್ಯಾಮ್ಸೆಲ್ ಇರುವ ಸಂದಿಯ ಎದುರಿಗೇ ಇಟ್ಟು, ಬಾಗಿಲು ತೆರೆದಿಟ್ಟು, ಕೆಲವು ದಿನ ಊಟವನ್ನು ಒಳಗೇ ಹಾಕಿ. ಗಾಬರಿ ಹೋಗಿ ಧೈರ್ಯವಾಗಿ ಒಳಗೆ ಬಂದು ತಿನ್ನುವಾಗ ಒಂದು ದಿನ ಉಪವಾಸ ಹಾಕಿ ಮಾರನೇ ದಿನ ಬಾಗಿಲು ಬೀಳಿಸಿ. ಆಗಲಿಲ್ಲವಾ? ರಾತ್ರಿ ದೀಪ ಆರಿ ಗಂಟೆ ಕಳೆದ ಮೇಲೆ ಕೆಂಪು ಟಾರ್ಚ್ ಹಿಡಿದು ನೋಡಿ, ದಿನಾ ಒಂದೇ ಸಂದಿಯಲ್ಲಿ ಮಲಗಿರುತ್ತದೆ. ಆ ಕಲ್ಲು ಎತ್ತಲು ಬರುವಂತಿದ್ದರೆ ಮೀನು ಸಮೇತ ಕಲ್ಲನ್ನೇ ಬಕೆಟ್ಟಿಗೆ ಎತ್ತಿ. ಕೊನೆಯ ದಾರಿ, ಮುಕ್ಕಾಲು ನೀರನ್ನು ಡ್ರಮ್ಮಿಗೆ ಇಳಿಸಿ ಹಿಡಿಯುವುದು.

ಎರಡು ವಾರದ ಶಿಕ್ಷೆಯ ನಂತರವೂ ಅದೇ ರಾಗ ಆದರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಕರಾವಳಿಯವರು ಸಮುದ್ರಕ್ಕೆ ಬಿಡಬೇಡಿ. ನಮ್ಮ ಕಡಲಿನದಲ್ಲದ ಜಾತಿ ಇರಬಹುದು, ಅಂಗಡಿ ತೊಟ್ಟಿಯ ರೋಗವೂ ಜೊತೆಗೆ ಹೋಗುತ್ತದೆ.